ಒಂದೂ ಷೇರು ಮಾರಲಿಲ್ಲ, ಪಾಲು ಹೇಗೆ ಇಳಿಯಿತು?

2023ರ ಫೆಬ್ರವರಿಯಲ್ಲಿ ವೊಡಾಫೋನ್ ಐಡಿಯಾ ಕಂಪನಿ ಕೇಂದ್ರ ಸರ್ಕಾರಕ್ಕೆ ಸುಮಾರು 1,613 ಕೋಟಿ ಷೇರು ಕೊಟ್ಟಿತು. ಸರ್ಕಾರಕ್ಕೆ ಕಟ್ಟಬೇಕಿದ್ದ ₹16,133 ಕೋಟಿ ಬಡ್ಡಿಗೆ ಬದಲಾಗಿ, ಷೇರಿಗೆ ₹10ರ ಲೆಕ್ಕದಲ್ಲಿ. ಅಲ್ಲಿಗೆ ಕಂಪನಿಯಲ್ಲಿ ಸರ್ಕಾರದ ಪಾಲು ಶೇ 33ಕ್ಕಿಂತ ಸ್ವಲ್ಪ ಜಾಸ್ತಿ ಆಯಿತು. ಎರಡು ವರ್ಷ ಕಳೆದು 2025ರ ಮಾರ್ಚ್ ಹೊತ್ತಿಗೆ ಅದೇ ಪಾಲು ಶೇ 22.6ಕ್ಕೆ ಬಂದಿತ್ತು. ಈ ನಡುವೆ ಸರ್ಕಾರ ಒಂದೇ ಒಂದು ಷೇರನ್ನೂ ಮಾರಿರಲಿಲ್ಲ.

ಸರ್ಕಾರದ ಕೈಯಲ್ಲಿದ್ದ ಷೇರು ಅಷ್ಟೇ ಇದ್ದವು. ಬದಲಾದದ್ದು ಕಂಪನಿಯ ಒಟ್ಟು ಷೇರುಗಳ ಸಂಖ್ಯೆ. 2023ರಲ್ಲಿ ಅದು ಸುಮಾರು 4,868 ಕೋಟಿ. 2024ರ ಏಪ್ರಿಲ್‌ನಲ್ಲಿ ಕಂಪನಿ ಜನರಿಗೆ ಹೊಸ ಷೇರು ಕೊಟ್ಟು ₹18,000 ಕೋಟಿ ಎತ್ತಿತು. ಆಮೇಲೆ ಪ್ರವರ್ತಕರಿಗೆ, ನೆಟ್‌ವರ್ಕ್ ಉಪಕರಣ ಪೂರೈಸುವವರಿಗೆ ಇನ್ನಷ್ಟು ಹೊಸ ಷೇರು ಹೋದವು. ಒಟ್ಟು 7,139 ಕೋಟಿ ಮುಟ್ಟಿತು. 1,613ನ್ನು ಮೊದಲು 4,868ರಿಂದ ಭಾಗಿಸಿ ನೋಡಿ, ಆಮೇಲೆ 7,139ರಿಂದ. ಮೇಲಿನ ಅಂಕಿ ಅದೇ, ಕೆಳಗಿನದು ದೊಡ್ಡದಾಯಿತು. ಷೇರು ಪೇಟೆಯಲ್ಲಿ ಡೈಲ್ಯೂಷನ್ ಅಂದರೆ ಇದೇ: ಕಂಪನಿ ಹೊಸ ಷೇರು ಹುಟ್ಟಿಸಿದಾಗ, ಹೊಸದನ್ನು ಕೊಳ್ಳದ ಹಳಬರ ಪಾಲು ಇಳಿಯುವುದು.

2025ರ ಏಪ್ರಿಲ್‌ನಲ್ಲಿ ಕತೆ ತಿರುಗಿತು. ಸ್ಪೆಕ್ಟ್ರಂ ಬಾಕಿಯ ₹36,950 ಕೋಟಿಯನ್ನೂ ಸರ್ಕಾರ ಷೇರಾಗಿ ಬದಲಿಸಿಕೊಂಡಿತು. ಹೊಸದಾಗಿ 3,695 ಕೋಟಿ ಷೇರು ಹುಟ್ಟಿದವು, ಒಟ್ಟು 10,834 ಕೋಟಿ ಆಯಿತು. ಸರ್ಕಾರದ ಪಾಲು ಶೇ 48.99ಕ್ಕೆ ಏರಿತು. ಈ ಸಲ ಪಾಲು ಇಳಿದದ್ದು ಉಳಿದವರದು. ಬ್ರಿಟನ್ನಿನ ವೊಡಾಫೋನ್ ಗುಂಪು ಶೇ 24.4ರಿಂದ ಶೇ 16ಕ್ಕೆ ಬಂತು, ಆದಿತ್ಯ ಬಿರ್ಲಾ ಗುಂಪು ಶೇ 14ರ ಆಸುಪಾಸಿನಿಂದ ಶೇ 9.5ಕ್ಕೆ. ಸಾವಿರವೋ ಎರಡು ಸಾವಿರವೋ ಷೇರು ಇಟ್ಟುಕೊಂಡಿದ್ದ ಸಾಮಾನ್ಯ ಜನರ ಪಾಲೂ ಅದೇ ಅಳತೆಯಲ್ಲಿ, ಸುಮಾರು ಮೂರನೇ ಒಂದರಷ್ಟು ಇಳಿಯಿತು. ಅವರ ಡಿಮ್ಯಾಟ್ ಖಾತೆಯಲ್ಲಿ ಷೇರುಗಳ ಸಂಖ್ಯೆ ಹಾಗೇ ಇತ್ತು. ಹಾಗಾಗಿ ಎಷ್ಟೋ ಜನರಿಗೆ ಇದು ಗೊತ್ತೇ ಆಗಿರಲಿಕ್ಕಿಲ್ಲ.

ಇಲ್ಲೊಂದು ಗೊಂದಲ ಬಿಡಿಸಬೇಕು. ಪೇಪರಿನಲ್ಲಿ, ಟಿವಿಯಲ್ಲಿ ‘ಪಾಲು ಡೈಲ್ಯೂಟ್ ಮಾಡಿದರು’ ಅನ್ನುವ ಮಾತು ಎರಡು ಬೇರೆ ಬೇರೆ ಸಂಗತಿಗಳಿಗೆ ಬಳಕೆಯಾಗುತ್ತದೆ. 2022ರ ಮೇ ತಿಂಗಳಲ್ಲಿ ಎಲ್‌ಐಸಿಯ ಐಪಿಒ, ಅಂದರೆ ಜನರಿಗೆ ಮೊದಲ ಸಲ ಷೇರು ಮಾರುವುದು, ಬಂತಲ್ವಾ? ಆಗ ಸರ್ಕಾರ ತನ್ನ ಶೇ 3.5ರಷ್ಟು ಪಾಲನ್ನು ಷೇರಿಗೆ ₹949ರಂತೆ ಮಾರಿತು. ಅಲ್ಲಿ ಒಂದೂ ಹೊಸ ಷೇರು ಹುಟ್ಟಲಿಲ್ಲ. ಸರ್ಕಾರದ ಕೈಯಲ್ಲಿದ್ದ 22.13 ಕೋಟಿ ಷೇರು ಜನರ ಕೈಗೆ ಹೋದವು, ₹20,500 ಕೋಟಿಗೂ ಮಿಕ್ಕಿ ಹಣ ಸರ್ಕಾರದ ಬೊಕ್ಕಸಕ್ಕೆ ಹೋಯಿತು. ಎಲ್‌ಐಸಿಗೆ ಅದರಲ್ಲಿ ಒಂದು ಪೈಸೆಯೂ ಬರಲಿಲ್ಲ. ಇದು ಮಾರಾಟ. ಹೊಸ ಷೇರು ಹುಟ್ಟಿದರೆ ಹಣ ಕಂಪನಿಗೆ ಬರುತ್ತದೆ, ಹಳಬರೆಲ್ಲರ ಪಾಲೂ ಇಳಿಯುತ್ತದೆ. ಹಳೆಯ ಷೇರು ಕೈ ಬದಲಾದರೆ ಹಣ ಮಾರಿದವರ ಜೇಬಿಗೆ ಹೋಗುತ್ತದೆ, ಇಳಿಯುವುದು ಮಾರಿದವರ ಪಾಲು ಮಾತ್ರ. ಯಾವುದೇ ಐಪಿಒಗೆ ಅರ್ಜಿ ಹಾಕುವ ಮೊದಲು ‘ಫ್ರೆಶ್ ಇಶ್ಯೂ’ (ಹೊಸ ಷೇರು) ಎಷ್ಟು, ‘ಆಫರ್ ಫಾರ್ ಸೇಲ್’ (ಹಳೆಯ ಷೇರಿನ ಮಾರಾಟ) ಎಷ್ಟು ಎಂದು ನೋಡಿ ಅನ್ನುವುದು ಇದಕ್ಕೇ. ಒಮ್ಮೊಮ್ಮೆ ಎರಡೂ ಒಂದೇ ವ್ಯವಹಾರದಲ್ಲಿ ಬರುತ್ತವೆ. 2018ರಲ್ಲಿ ವಾಲ್‌ಮಾರ್ಟ್ 1,600 ಕೋಟಿ ಡಾಲರಿಗೆ ಫ್ಲಿಪ್‌ಕಾರ್ಟಿನ ಸುಮಾರು ಶೇ 77 ಪಾಲು ತೆಗೆದುಕೊಂಡಿತು. ಅದರಲ್ಲಿ 200 ಕೋಟಿ ಡಾಲರ್ ಹೊಸ ಷೇರಿಗೆ ಕೊಟ್ಟದ್ದು, ಮಿಕ್ಕದ್ದು ಹಳೆಯ ಪಾಲುದಾರರಿಗೆ.

ಹಳಬರಿಗೆ ಪುಕ್ಕಟೆಯಾಗಿ ಕೊಡುವ ಬೋನಸ್ ಷೇರೂ ಡೈಲ್ಯೂಷನ್ ಅಲ್ಲ. ಇನ್ಫೋಸಿಸ್ 2014, 2015 ಮತ್ತು 2018ರಲ್ಲಿ ಒಂದಕ್ಕೊಂದು ಬೋನಸ್ ಕೊಟ್ಟಿತು. 2014ಕ್ಕೆ ಮೊದಲು 100 ಷೇರು ಇಟ್ಟಿದ್ದವರ ಬಳಿ 2018ರ ಹೊತ್ತಿಗೆ 800 ಆದವು. ಆದರೆ ಎಲ್ಲರದೂ ಅಷ್ಟೇ ಪಟ್ಟು ಹೆಚ್ಚಿತು, ಹಾಗಾಗಿ ಯಾರ ಪಾಲೂ ಕದಲಲಿಲ್ಲ.

ಈಗ ಮುಖ್ಯ ಪ್ರಶ್ನೆಗೆ ಬರೋಣ. ಪಾಲು ಇಳಿದರೆ ನಷ್ಟವೇ? ಹಾಲಿಗೆ ನೀರು ಬೆರೆಸಿದ ಹಾಗೆ ಎಂದು ಜನ ಅಂದುಕೊಳ್ಳುತ್ತಾರೆ. ಆದರೆ ಹೊಸಬರು ಪಾತ್ರೆಗೆ ಸುರಿದದ್ದು ನೀರೋ ಹಾಲೋ ಅನ್ನುವುದನ್ನು ನೋಡದೆ ಹಾಗೆ ಹೇಳಲಾಗದು. ಚಿಕ್ಕ ಲೆಕ್ಕದಲ್ಲಿ ನೋಡೋಣ.

ಇಬ್ಬರು ಗೆಳೆಯರು ಸೇರಿ ಕಂಪನಿ ಮಾಡಿದ್ದಾರೆ ಅಂದುಕೊಳ್ಳಿ. ಒಟ್ಟು 1,00,000 ಷೇರು, ತಲಾ 50,000. ಒಬ್ಬ ಹೂಡಿಕೆದಾರ ಬಂದು, ‘ನಿಮ್ಮ ಕಂಪನಿಗೆ ₹8 ಕೋಟಿ ಬೆಲೆ ಕಟ್ಟುತ್ತೇನೆ, ₹2 ಕೋಟಿ ಹಾಕುತ್ತೇನೆ’ ಅನ್ನುತ್ತಾನೆ. ಈ ₹8 ಕೋಟಿಯನ್ನು ಪ್ರೀ-ಮನಿ ಅನ್ನುತ್ತಾರೆ, ಅಂದರೆ ದುಡ್ಡು ಬರುವ ಮೊದಲಿನ ಬೆಲೆ. ಒಂದು ಷೇರಿಗೆ ₹800 ಬಿತ್ತು. ₹2 ಕೋಟಿಗೆ 25,000 ಹೊಸ ಷೇರು. ಈಗ ಒಟ್ಟು 1,25,000. ಹೂಡಿಕೆದಾರನಿಗೆ ಶೇ 20, ಗೆಳೆಯರಿಗೆ ತಲಾ ಶೇ 40. ಶೇ 50 ಇದ್ದದ್ದು ಶೇ 40 ಆಯಿತು. ಕಳೆದುಕೊಂಡದ್ದೇನು? ಮೊದಲು ₹8 ಕೋಟಿಯಲ್ಲಿ ಅರ್ಧ, ಅಂದರೆ ₹4 ಕೋಟಿ. ಈಗ ಕಂಪನಿಯಲ್ಲಿ ₹2 ಕೋಟಿ ನಗದು ಹೆಚ್ಚಿಗೆ ಇದೆ, ಒಟ್ಟು ಬೆಲೆ ₹10 ಕೋಟಿ, ಅದರ ಶೇ 40 ಮತ್ತೆ ₹4 ಕೋಟಿ. ಬೆಲೆಯ ಲೆಕ್ಕದಲ್ಲಿ ಇಬ್ಬರೂ ಇದ್ದಲ್ಲೇ ಇದ್ದಾರೆ.

ಅದೇ ಹೂಡಿಕೆದಾರ ಪ್ರೀ-ಮನಿ ₹2 ಕೋಟಿ ಮಾತ್ರ ಎಂದು ಪಟ್ಟು ಹಿಡಿದು, ಇವರು ಬೇರೆ ದಾರಿಯಿಲ್ಲದೆ ಒಪ್ಪಿಕೊಂಡರೆ? ಷೇರಿಗೆ ₹200. ಅದೇ ₹2 ಕೋಟಿಗೆ 1,00,000 ಹೊಸ ಷೇರು ಕೊಡಬೇಕು. ಗೆಳೆಯರಿಗೆ ತಲಾ ಶೇ 25 ಉಳಿಯಿತು. ಕಂಪನಿ ನಿಜವಾಗಿಯೂ ₹8 ಕೋಟಿಯದಾಗಿದ್ದರೆ, ಈಗಿನ ₹10 ಕೋಟಿಯಲ್ಲಿ ಅವರದು ತಲಾ ₹2.5 ಕೋಟಿ. ತಲಾ ಒಂದೂವರೆ ಕೋಟಿ ಕೈಬಿಟ್ಟಿತು. ಇದು ನಿಜವಾದ ನಷ್ಟ. ಪಾಲು ಇಳಿಯಿತೇ ಎಂದು ಕೇಳುವುದಕ್ಕಿಂತ, ಹೊಸ ಷೇರು ಯಾವ ಬೆಲೆಗೆ ಹೋಯಿತು, ಬಂದ ದುಡ್ಡು ಏನಾಯಿತು ಎಂದು ಕೇಳಬೇಕು ಅನ್ನುವುದು ಇದಕ್ಕೇ.

ವೊಡಾಫೋನ್ ಐಡಿಯಾದ ಎರಡು ಘಟ್ಟಗಳನ್ನು ಈ ಕಣ್ಣಿನಿಂದ ನೋಡಿದರೆ ಬೇರೆಯೇ ಕಾಣುತ್ತವೆ. 2024ರಲ್ಲಿ ಹೊಸ ಷೇರು ₹11ಕ್ಕೆ ಹೋದಾಗ ಮಾರುಕಟ್ಟೆ ಬೆಲೆ ಅದಕ್ಕಿಂತ ಮೇಲಿತ್ತು. ಹಳಬರ ಪಾಲಿನ ಜೊತೆಗೆ ಸ್ವಲ್ಪ ಬೆಲೆಯೂ ಹೊಸಬರ ಕಡೆ ಹರಿಯಿತು. 2025ರಲ್ಲಿ ಸರ್ಕಾರ ₹10ರಂತೆ ತೆಗೆದುಕೊಂಡಾಗ ಮಾರುಕಟ್ಟೆಯಲ್ಲಿ ಅದು ₹7ರ ಆಸುಪಾಸಿನಲ್ಲಿತ್ತು. ಪಾಲು ಭಾರಿಯಾಗಿ ಇಳಿಯಿತು, ನಿಜ. ಜೊತೆಗೆ ₹36,950 ಕೋಟಿ ಸಾಲದ ಹೊರೆಯೂ ಇಳಿಯಿತು, ಅದೂ ಪೇಟೆ ಬೆಲೆಗಿಂತ ಹೆಚ್ಚಿನ ದರದಲ್ಲಿ. ಸುದ್ದಿ ಬಂದ ಮೇಲೆ ಪೇಟೆ ತೆರೆದ ಮೊದಲ ದಿನವೇ ಷೇರಿನ ಬೆಲೆ ಜಿಗಿಯಿತು. ಕಂಪನಿಯ ಭವಿಷ್ಯ ಚೆನ್ನಾಗಿದೆ ಎಂದು ನಾನು ಹೇಳುತ್ತಿಲ್ಲ, ಅದು ಬೇರೆ ಮಾತು. ಡೈಲ್ಯೂಷನ್ ಆದ ದಿನವೇ ಷೇರು ಏರಬಹುದು, ಅದರಲ್ಲಿ ವಿಚಿತ್ರವೇನೂ ಇಲ್ಲ.

ಬೆಲೆ ಕರಗದಿದ್ದರೂ ಮಾತಿನ ಬಲ ಕರಗುತ್ತದೆ. ಇದನ್ನು ಕಡೆಗಣಿಸಬಾರದು. ಕಂಪನಿ ಕಾಯ್ದೆಯಲ್ಲಿ ಕೆಲವು ದೊಡ್ಡ ನಿರ್ಣಯಗಳಿಗೆ ವಿಶೇಷ ಗೊತ್ತುವಳಿ ಬೇಕು. ಅಂದರೆ ಪರವಾಗಿ ಬಿದ್ದ ಮತ ವಿರುದ್ಧ ಬಿದ್ದ ಮತದ ಮೂರು ಪಟ್ಟಾದರೂ ಇರಬೇಕು. ಶೇ 25ಕ್ಕಿಂತ ಜಾಸ್ತಿ ಇದ್ದವರು ಒಬ್ಬರೇ ಅದನ್ನು ತಡೆಯಬಹುದು. ಶೇ 27 ಇದ್ದದ್ದು ಶೇ 24 ಆದರೆ ಕಾಗದದ ಮೇಲೆ ಮೂರೇ ಅಂಶ ಇಳಿದದ್ದು, ಆದರೆ ತಡೆಯುವ ಖಾತರಿ ಹೋಯಿತು. ವೊಡಾಫೋನ್ ಐಡಿಯಾದ ಎರಡೂ ಪ್ರವರ್ತಕ ಗುಂಪುಗಳ ಪಾಲು ಕೂಡಿಸಿ ನೋಡಿ: 2025ರ ಏಪ್ರಿಲ್‌ನ ಬದಲಾವಣೆಯ ನಂತರ ಶೇ 25.5ರ ಸುಮಾರು ಇತ್ತು. ಆ ಗೆರೆಗಿಂತ ಕೂದಲೆಳೆಯಷ್ಟು ಮೇಲೆ. ಸರ್ಕಾರದ್ದು ಶೇ 48.99. ಶೇ 51 ಆಗಿದ್ದರೆ ಕಾನೂನಿನ ಪ್ರಕಾರ ಅದು ಸರ್ಕಾರಿ ಕಂಪನಿಯಾಗುತ್ತಿತ್ತು.

ಇಲ್ಲಿಯವರೆಗಿನದು ದೊಡ್ಡವರ ಲೆಕ್ಕ. ನನಗೆ ಹೆಚ್ಚು ಕಾಳಜಿ ಇರುವುದು ಬೆಂಗಳೂರಿನ ಸ್ಟಾರ್ಟಪ್‌ಗಳಲ್ಲಿ ಸಂಬಳದ ಒಂದು ಭಾಗವನ್ನು ಬಿಟ್ಟುಕೊಟ್ಟು ಇಸಾಪ್ (ಮುಂದೆ ಗೊತ್ತಾದ ಬೆಲೆಗೆ ಕಂಪನಿಯ ಷೇರು ಕೊಳ್ಳಲು ನೌಕರರಿಗೆ ಕೊಡುವ ಹಕ್ಕು, ಅಂದರೆ ಆಪ್ಷನ್) ತೆಗೆದುಕೊಳ್ಳುವ ಹುಡುಗ ಹುಡುಗಿಯರ ಬಗ್ಗೆ. ಆಫರ್ ಲೆಟರಿನಲ್ಲಿ ‘ನಿಮಗೆ 10,000 ಆಪ್ಷನ್’ ಎಂದು ಬರೆದಿರುತ್ತದೆ. ಕೇಳಲು ದೊಡ್ಡ ಸಂಖ್ಯೆ. ಆದರೆ ಒಟ್ಟು ಎಷ್ಟರಲ್ಲಿ 10,000? ಹತ್ತು ಲಕ್ಷದಲ್ಲಾದರೆ ಶೇ 1. ಹತ್ತು ಕೋಟಿಯಲ್ಲಾದರೆ ಶೇ 0.01. ಕೆಳಗಿನ ಅಂಕಿ ಹೇಳದೆ ಮೇಲಿನದನ್ನಷ್ಟೇ ಹೇಳಿದರೆ ಏನೂ ಹೇಳಿದಂತಾಗಲಿಲ್ಲ. ಆ ಕೆಳಗಿನ ಅಂಕಿಯೂ ‘ಫುಲ್ಲಿ ಡೈಲ್ಯೂಟೆಡ್’ ಆಗಿರಬೇಕು. ಈಗಿರುವ ಷೇರುಗಳಷ್ಟೇ ಅಲ್ಲ, ಎಲ್ಲ ಆಪ್ಷನ್‌ಗಳು, ಮುಂದೆ ಷೇರಾಗಿ ಬದಲಾಗುವ ಪ್ರಿಫರೆನ್ಸ್ ಷೇರುಗಳು, ಬಾಂಡುಗಳು, ಎಲ್ಲವೂ ಷೇರಾದರೆ ಒಟ್ಟು ಎಷ್ಟು ಎಂಬ ಲೆಕ್ಕ. ಎಚ್‌ಆರ್ ಹತ್ತಿರ ಇದನ್ನು ಕೇಳುವುದಕ್ಕೆ ಸಂಕೋಚ ಬೇಡ. ನಿಮ್ಮ ಸಂಬಳದ ಪ್ರಶ್ನೆ ಇದು.

ಮುಂದೆ ಪ್ರತಿ ಸಲ ಫಂಡಿಂಗ್ ಬಂದಾಗಲೂ ಈ ಪಾಲು ಇಳಿಯುತ್ತದೆ. ಪ್ರತಿ ಸಲ ಶೇ 20 ಹೊಸಬರಿಗೆ ಹೋದರೆ ಐದು ಸಲಕ್ಕೆ ಎಲ್ಲ ಮುಗಿಯಿತು ಎಂದು ಕೆಲವರು ಹೆದರುತ್ತಾರೆ. ಹಾಗಲ್ಲ. ಪ್ರತಿ ಸಲ ಉಳಿದದ್ದರ ಶೇ 80 ಉಳಿಯುತ್ತದೆ. ಶೇ 1 ಇದ್ದದ್ದು 0.8, ಆಮೇಲೆ 0.64, ಆಮೇಲೆ 0.51, ನಾಲ್ಕನೆಯ ಸಲ 0.41. ಅರ್ಧಕ್ಕಿಂತ ಜಾಸ್ತಿ ಹೋಯಿತು, ಆದರೆ ಸೊನ್ನೆ ಆಗಲಿಲ್ಲ. 2007ರಲ್ಲಿ ಬೆಂಗಳೂರಿನಲ್ಲಿ ಸಚಿನ್ ಬನ್ಸಲ್ ಮತ್ತು ಬಿನ್ನಿ ಬನ್ಸಲ್ ಶುರು ಮಾಡಿದ ಫ್ಲಿಪ್‌ಕಾರ್ಟಿನಲ್ಲಿ ಸುತ್ತಿನ ಮೇಲೆ ಸುತ್ತು ಹೂಡಿಕೆ ಬಂತು. 2018ರಲ್ಲಿ ಸಚಿನ್ ಹೊರಬರುವಾಗ ಅವರ ಬಳಿ ಉಳಿದಿದ್ದ ಪಾಲು ಶೇ 5.5ರ ಆಸುಪಾಸು ಎಂದು ವರದಿಯಾಗಿತ್ತು. ಅಷ್ಟಕ್ಕೇ ಸುಮಾರು 100 ಕೋಟಿ ಡಾಲರ್ ಸಿಕ್ಕಿತು. ಹೂಡಿಕೆಯನ್ನು ಬೇಡವೆಂದು ಪೂರ್ತಿ ಪಾಲನ್ನು ಉಳಿಸಿಕೊಂಡಿದ್ದರೆ ಕಂಪನಿ ಅಷ್ಟು ಬೆಳೆಯುವುದು ಕಷ್ಟವಿತ್ತು.

ಇಸಾಪ್ ಕೊಡಲು ಎತ್ತಿಡುವ ಷೇರುಗಳ ರಾಶಿಯೂ, ಅಂದರೆ ಪೂಲ್, ಯಾರದೋ ಪಾಲಿನಿಂದಲೇ ಬರಬೇಕು. ಇದರಲ್ಲೊಂದು ಸೂಕ್ಷ್ಮ ಇದೆ. ಮೇಲಿನ ಉದಾಹರಣೆಯ ಹೂಡಿಕೆದಾರ, ‘ನನ್ನ ದುಡ್ಡು ಬಂದ ಮೇಲೆ ನನಗೆ ಶೇ 20 ಇರಬೇಕು, ಪೂಲ್ ಶೇ 10 ಇರಬೇಕು, ಪೂಲನ್ನು ಮೊದಲೇ ಮಾಡಿಡಿ’ ಅನ್ನುತ್ತಾನೆ. ಕಂಪನಿಯ ಬೆಲೆ ಬದಲಾಗಿಲ್ಲ, ದುಡ್ಡು ಬಂದ ಮೇಲೆ ಅದೇ ₹10 ಕೋಟಿ. ಆದರೆ ಗೆಳೆಯರಿಬ್ಬರ 1,00,000 ಷೇರು ಈಗ ಶೇ 70 ಆಗಬೇಕು. ಒಟ್ಟು ಷೇರು 1,42,857, ಷೇರಿನ ಬೆಲೆ ₹700. ಹೂಡಿಕೆದಾರ ಬಾಯಲ್ಲಿ ₹8 ಕೋಟಿ ಅಂದ, ಗೆಳೆಯರ ಪಾಲಿಗೆ ನಿಂತದ್ದು ₹7 ಕೋಟಿ. ಪೂಲಿನ ಪೂರ್ತಿ ಭಾರ ಹಳಬರ ಮೇಲೆ ಬಿತ್ತು. ಹೊಸ ಸ್ಥಾಪಕರು ಪ್ರೀ-ಮನಿ ಅಂಕಿ ಕೇಳಿ ಖುಷಿಪಡುವ ಮೊದಲು ಪೂಲ್ ಯಾವ ಕಡೆಯಿಂದ ಬರುತ್ತದೆ ಎಂದು ನೋಡಲೇಬೇಕು.

ಕಂಪನಿಯ ಬೆಲೆ ಬಿದ್ದಾಗ ಇನ್ನೂ ಕಠಿಣ. ಹಿಂದಿನ ಸಲಕ್ಕಿಂತ ಕಡಿಮೆ ಬೆಲೆಗೆ ಹೂಡಿಕೆ ತರುವುದಕ್ಕೆ ಡೌನ್ ರೌಂಡ್ ಅನ್ನುತ್ತಾರೆ. ದೊಡ್ಡ ಹೂಡಿಕೆದಾರರು ಒಪ್ಪಂದದಲ್ಲಿ ಆ್ಯಂಟಿ-ಡೈಲ್ಯೂಷನ್ ಎಂಬ ಷರತ್ತು ಹಾಕಿಸಿರುತ್ತಾರೆ, ಅಂದರೆ ಮುಂದೆ ಕಡಿಮೆ ಬೆಲೆಗೆ ಷೇರು ಹೋದರೆ ತಮ್ಮ ಷೇರುಗಳ ಸಂಖ್ಯೆ ಹೆಚ್ಚಬೇಕು ಎಂದು. ಪೂಲ್ ಇಲ್ಲದ ಮೊದಲ ಉದಾಹರಣೆಗೇ ಹೋಗೋಣ: ಷೇರಿಗೆ ₹800 ಕೊಟ್ಟು 25,000 ಪ್ರಿಫರೆನ್ಸ್ ಷೇರು ಪಡೆದವನು ಇದ್ದಾನೆ. ಮುಂದಿನ ಸುತ್ತಿನಲ್ಲಿ ₹400ರಂತೆ ₹1 ಕೋಟಿ ಬಂತು, 25,000 ಹೊಸ ಷೇರು. ಷರತ್ತೇ ಇಲ್ಲದಿದ್ದರೆ ಗೆಳೆಯರಿಗೆ ತಲಾ ಶೇ 33.3 ಉಳಿಯುತ್ತದೆ. ಷರತ್ತು ‘ಫುಲ್ ರ್ಯಾಚೆಟ್’ ಆಗಿದ್ದರೆ, ಹಳೆಯ ಹೂಡಿಕೆದಾರನೂ ಮೊದಲೇ ₹400 ಕೊಟ್ಟಿದ್ದ ಎಂದು ಲೆಕ್ಕ ಹಿಡಿಯಬೇಕು. ಅವನ 25,000 ಷೇರು 50,000 ಆಗುತ್ತವೆ. ಹೊಸ ರೂಪಾಯಿ ಒಂದೂ ಹಾಕದೆ. ಗೆಳೆಯರು ಶೇ 28.6ಕ್ಕೆ ಇಳಿಯುತ್ತಾರೆ. ಹೆಚ್ಚು ಬಳಕೆಯಲ್ಲಿರುವುದು ಇದಕ್ಕಿಂತ ಮೆತ್ತಗಿನ ‘ವೆಯ್ಟೆಡ್ ಆವರೇಜ್’ ಕ್ರಮ. ಅದರಲ್ಲಿ ಕಡಿಮೆ ಬೆಲೆಗೆ ಎಷ್ಟು ಷೇರು ಹೋದವು ಎಂಬುದನ್ನೂ ತೂಗಿ ನೋಡುತ್ತಾರೆ. ಇದೇ ಉದಾಹರಣೆಯಲ್ಲಿ ಅವನ ಬೆಲೆ ₹800ರಿಂದ ಸುಮಾರು ₹733ಕ್ಕೆ ಇಳಿಯುತ್ತದೆ, ಷೇರು 27,273 ಆಗುತ್ತವೆ, ಗೆಳೆಯರಿಗೆ ತಲಾ ಶೇ 32.8 ಉಳಿಯುತ್ತದೆ.

ಈ ಷರತ್ತು ಯಾರನ್ನು ಕಾಪಾಡುತ್ತದೆ, ಯಾರಿಗೆ ಹೊಡೆಯುತ್ತದೆ ಗಮನಿಸಿ. ಹೂಡಿಕೆದಾರನ ಪಾಲು ಉಳಿಸಲು ಬೇಕಾದದ್ದು ಸಾಮಾನ್ಯ ಷೇರು ಇರುವವರಿಂದ ಬರುತ್ತದೆ. ಅಂದರೆ ಸ್ಥಾಪಕರು ಮತ್ತು ನೌಕರರು. ಒಪ್ಪಂದ ಬರೆಯುವಾಗ ನೌಕರರ ಪರವಾಗಿ ಯಾರೂ ಆ ಕೋಣೆಯಲ್ಲಿ ಕೂತಿರುವುದಿಲ್ಲ. ಇದು ಅನ್ಯಾಯ ಎಂದೇ ನನ್ನ ಅನಿಸಿಕೆ. ಕನಿಷ್ಠ ಅಂಥ ಷರತ್ತು ಇದೆ ಎಂದಾದರೂ ಇಸಾಪ್ ಕೊಡುವಾಗ ನೌಕರರಿಗೆ ತಿಳಿಸಬೇಕು.

ಲಿಸ್ಟ್ ಆದ ಕಂಪನಿಗಳ ಸಣ್ಣ ಷೇರುದಾರರಿಗೆ ಕಾನೂನು ಒಂದಿಷ್ಟು ರಕ್ಷಣೆ ಕೊಟ್ಟಿದೆ. 2013ರ ಕಂಪನಿ ಕಾಯ್ದೆಯ 62ನೇ ಸೆಕ್ಷನ್ ಪ್ರಕಾರ ಹೊಸ ಷೇರನ್ನು ಮೊದಲು ಹಳಬರಿಗೇ ಅವರವರ ಪಾಲಿಗೆ ತಕ್ಕಂತೆ ಕೊಡಬೇಕು. ಹೊರಗಿನವರಿಗೋ ನೌಕರರಿಗೋ ನೇರವಾಗಿ ಕೊಡುವುದಾದರೆ ಷೇರುದಾರರ ವಿಶೇಷ ಗೊತ್ತುವಳಿ ಬೇಕು. ಹಳಬರಿಗೇ ಕೊಡುವುದು ರೈಟ್ಸ್ ಇಶ್ಯೂ, ಅಂದರೆ ಹಕ್ಕಿನ ಷೇರು. 2020ರಲ್ಲಿ ರಿಲಯನ್ಸ್ ₹53,124 ಕೋಟಿಯ ಹಕ್ಕಿನ ಷೇರು ತಂದಿತು. 15 ಷೇರು ಇದ್ದವರು ₹1,257ಕ್ಕೆ ಒಂದು ಹೊಸದನ್ನು ಕೊಳ್ಳಬಹುದಿತ್ತು. ಕೊಂಡವರ ಪಾಲು ಹಾಗೇ ಉಳಿಯಿತು. ಸುಮ್ನೆ ಕೂತವರ ಪಾಲು 16ರಲ್ಲಿ 15ಕ್ಕೆ, ಅಂದರೆ ಇದ್ದದ್ದರಲ್ಲಿ ಶೇ 6.25ರಷ್ಟು ಇಳಿಯಿತು.

ಕೊಳ್ಳಲು ದುಡ್ಡಿಲ್ಲದವರಿಗೂ ಒಂದು ದಾರಿ ಇತ್ತು. ಆ ಹಕ್ಕನ್ನೇ ಡಿಮ್ಯಾಟ್ ಖಾತೆಗೆ ಹಾಕಿದ್ದರು, ಅದನ್ನು ಪೇಟೆಯಲ್ಲಿ ಮಾರಬಹುದಿತ್ತು. ಹಕ್ಕಿನ ಷೇರಿನ ಬೆಲೆ ಪೇಟೆ ಬೆಲೆಗಿಂತ ಕಡಿಮೆ ಇದ್ದಾಗ ಹಕ್ಕಿಗೇ ಒಂದು ಬೆಲೆ ಬರುತ್ತದೆ, ಪಾಲು ಇಳಿಯುವುದಕ್ಕೆ ಅದೇ ಪರಿಹಾರ. ಕೊಳ್ಳದೆ, ಮಾರದೆ ಬಿಟ್ಟರೆ ಗಡುವು ಮುಗಿದ ಮೇಲೆ ಅದು ಸೊನ್ನೆ. ಅಪ್ಪನ ಕಾಲದ ಷೇರು ಇಟ್ಟುಕೊಂಡು ಇಮೇಲ್ ನೋಡದಿರುವ ಮನೆಗಳಲ್ಲಿ ಇಂಥ ಹಕ್ಕು ಸುಮ್ಮನೆ ಹಾಳಾಗಿ ಹೋಗುತ್ತದೆ. ಮನೆಯಲ್ಲಿ ವಯಸ್ಸಾದವರ ಹೆಸರಲ್ಲಿ ಷೇರು ಇದ್ದರೆ ದಯವಿಟ್ಟು ಅವರ ಡಿಮ್ಯಾಟ್ ಖಾತೆಗೆ ಬರುವ ಸಂದೇಶಗಳನ್ನು ಯಾರಾದರೂ ಓದುತ್ತಿರಿ.

ಇದಕ್ಕೆ ಉಲ್ಟಾ ನಡೆಯುವುದೂ ಉಂಟು. 2017ರಲ್ಲಿ ಇನ್ಫೋಸಿಸ್ ₹1,150ರಂತೆ 11.3 ಕೋಟಿ ಷೇರನ್ನು ₹13,000 ಕೋಟಿ ಕೊಟ್ಟು ವಾಪಸ್ ಕೊಂಡಿತು. ಕೊಂಡ ಷೇರು ರದ್ದಾಗುತ್ತವೆ, ಒಟ್ಟು ಸಂಖ್ಯೆ ಇಳಿಯುತ್ತದೆ, ಮಾರದೆ ಉಳಿದವರ ಪಾಲು ತಾನಾಗಿ ಏರುತ್ತದೆ.

ಕೊನೆಗೆ, ಇದೆಲ್ಲ ಒಂದು ಕಂಪನಿಯ ಲೆಕ್ಕಪತ್ರದಲ್ಲಿ ಎಲ್ಲಿ ಕಾಣುತ್ತದೆ? ಮೂರು ತಿಂಗಳಿಗೊಮ್ಮೆ ಬರುವ ಫಲಿತಾಂಶದ ತುದಿಯಲ್ಲಿ ಇಪಿಎಸ್ ಅಂತ ಎರಡು ಸಾಲು ಇರುತ್ತವೆ. ಇಪಿಎಸ್ ಅಂದರೆ ಒಂದು ಷೇರಿಗೆ ಬಿದ್ದ ಲಾಭ. ಮೊದಲನೆಯದು ಬೇಸಿಕ್, ಎರಡನೆಯದು ಡೈಲ್ಯೂಟೆಡ್. ಲಾಭ ₹100 ಕೋಟಿ, ಷೇರು 10 ಕೋಟಿ ಇದ್ದರೆ ಬೇಸಿಕ್ ₹10. ಮುಂದೆ ಇನ್ನೂ 2.5 ಕೋಟಿ ಷೇರಾಗಿ ಬದಲಾಗುವ ಪ್ರಿಫರೆನ್ಸ್ ಷೇರುಗಳಿದ್ದರೆ ಡೈಲ್ಯೂಟೆಡ್ ₹8. ಎರಡರ ನಡುವೆ ಅಂತರ ದೊಡ್ಡದಿದ್ದರೆ ಮುಂದೆ ಬಹಳ ಹೊಸ ಷೇರು ಬರಲಿವೆ ಎಂದರ್ಥ.

ಆದರೆ ನಷ್ಟದಲ್ಲಿರುವ ಕಂಪನಿಯಲ್ಲಿ ಈ ಎರಡು ಸಾಲು ಸಾಮಾನ್ಯವಾಗಿ ಒಂದೇ ಇರುತ್ತವೆ. ಷೇರು ಹೆಚ್ಚಾದರೆ ಒಂದೊಂದು ಷೇರಿನ ಮೇಲಿನ ನಷ್ಟ ಕಡಿಮೆ ಕಾಣುತ್ತದೆ. ಹಾಗೆ ಚಂದ ಮಾಡಿ ತೋರಿಸಬಾರದು ಎಂದು ಲೆಕ್ಕಪತ್ರದ ನಿಯಮ ಅಂಥ ಆಪ್ಷನ್‌ಗಳನ್ನು ಲೆಕ್ಕದಿಂದ ಹೊರಗಿಡುತ್ತದೆ. ನಿಯಮ ಸರಿಯಾಗಿಯೇ ಇದೆ. ಆದರೆ ಓದುವವರು ‘ಎರಡೂ ಒಂದೇ, ಡೈಲ್ಯೂಷನ್ ಭಯವಿಲ್ಲ’ ಎಂದು ತಪ್ಪು ತಿಳಿಯಬಹುದು. ಹೊಸದಾಗಿ ಲಿಸ್ಟ್ ಆಗುವ, ಇನ್ನೂ ಲಾಭ ಕಾಣದ ಟೆಕ್ ಕಂಪನಿಗಳಲ್ಲೇ ಇಸಾಪ್ ಜಾಸ್ತಿ ಇರುವುದು. ಅಂಥ ಕಂಪನಿಯ ವಾರ್ಷಿಕ ವರದಿ ಕೈಗೆ ಸಿಕ್ಕರೆ ಇಪಿಎಸ್ ಸಾಲಿಗೆ ನಿಲ್ಲಬೇಡಿ. ಹಿಂದಿನ ಪುಟಗಳ ಟಿಪ್ಪಣಿಗಳಲ್ಲಿ ಇಸಾಪ್ ಯೋಜನೆಯ ಕೋಷ್ಟಕ ಇರುತ್ತದೆ. ವರ್ಷದ ಶುರುವಿನಲ್ಲಿ ಎಷ್ಟು ಆಪ್ಷನ್ ಬಾಕಿ ಇದ್ದವು, ಎಷ್ಟು ಹೊಸದಾಗಿ ಕೊಟ್ಟರು, ಎಷ್ಟು ಷೇರಾದವು, ಕೊನೆಗೆ ಎಷ್ಟು ಉಳಿದವು ಎಂದು ಅಲ್ಲಿ ಬರೆದಿರುತ್ತಾರೆ. ಆ ಕೊನೆಯ ಅಂಕಿಯನ್ನು ಈಗಿನ ಒಟ್ಟು ಷೇರಿಗೆ ಕೂಡಿಸಿ, ನಿಮ್ಮ ಷೇರನ್ನು ಅದರಿಂದ ಭಾಗಿಸಿ ನೋಡಿ.